ಪೂವಪ್ಪನಿಗೆ ಹೆಣ್ಣು ನೋಡಿದ್ದು

ಪೂವಪ್ಪ ಸತ್ತ ಎರಡನೇ ವರ್ಷದ ಆಟಿ ತಿಂಗಳಲ್ಲಿ ಅವನಿಗೆ ಹೆಣ್ಣು ಹುಡುಕಿದರು.

ಹುಡುಕಿದವಳು ತಂಗಿ ನೀಲಾವತಿ. ಅವಳ ಮಗಳಿಗೆ ಬಂದ ಸಂಬಂಧಗಳೆಲ್ಲ ಮುರಿದು ಬೀಳುತ್ತಿದ್ದವು. ಊರಿನಲ್ಲಿ ಬಲಿಮೆ ಇಟ್ಟು ಪ್ರಶ್ನೆ ನೋಡಿದವರು, ಮದುವೆಯಾಗದೆ ಸತ್ತ ಮಾವ ಅಡ್ಡ ನಿಂತಿದ್ದಾನೆ, ಅವನಿಗೊಂದು ಮದುವೆ ಮಾಡಿಬಿಡಿ ಎಂದರು. ತುಳುನಾಡಿನವರಿಗೆ ಇದು ಹೊಸತಲ್ಲ. ಮದುವೆಯಾಗದೆ ಸತ್ತ ಗಂಡಿಗೆ ಮದುವೆಯಾಗದೆ ಸತ್ತ ಹೆಣ್ಣನ್ನು ನೋಡುತ್ತಾರೆ. ಕುಲ ವಿಚಾರಿಸುತ್ತಾರೆ. ಗೊಂಬೆಗಳಿಗೆ ಸೀರೆ, ಪಂಚೆ ಉಡಿಸಿ ಧಾರೆ ಎರೆಯುತ್ತಾರೆ. ಊಟವೂ ಇರುತ್ತದೆ. ಗಂಡ ಹೆಂಡತಿ ಮುಂದೆ ಜಗಳ ಆಡುವುದಿಲ್ಲ, ಅದೊಂದು ಅನುಕೂಲ.

ಸುದ್ದಿ ಹೇಳಲು ನೀಲಾವತಿ ಮತ್ತು ಅವಳ ಗಂಡ ಕೊರಗಪ್ಪ ದಹಿಸರಿನಿಂದ ಜೋಗೇಶ್ವರಿಯ ಚಾಳಿಗೆ ಬಂದರು. ಪೂವಪ್ಪ ಇದ್ದ ಖೋಲಿಯಲ್ಲಿ ಈಗ ಹಣಮಂತ ಒಬ್ಬನೇ ಇದ್ದ.

"ಹುಡುಗಿ ಅಂಧೇರಿಯವಳು. ಸಣ್ಣದರಲ್ಲೇ ಕಾಮಾಲೆಯಲ್ಲಿ ಹೋದದ್ದು. ಒಳ್ಳೆ ಮನೆತನ," ಎಂದ ಕೊರಗಪ್ಪ. "ತಾಯಿಗೆ ಹುಡುಗನ ಮನೆ ನೋಡ್ಬೇಕಂತೆ. ಆದಿತ್ಯವಾರ ಇಲ್ಲಿಗೆ ಕರ್ಕೊಂಡು ಬರ್ತೇವೆ. ನೀನು ಸ್ವಲ್ಪ ಹೊತ್ತು ಹೊರಗೆ ಹೋಗು ಮಾರಾಯ."

"ಯಾವ ಹುಡುಗ?"

"ನಮ್ಮ ಪೂವಪ್ಪ."

"ಅಂವ ಹುಡುಗನೇನ್ರಿ? ಸಾಯೂಮುಂದ ಎರಡು ಹಲ್ಲ ಬಿದ್ದಿದ್ದುವು," ಎಂದ ಹಣಮಂತ.

ಹಣಮಂತ ವಿಜಾಪುರದ ಕಡೆಯವನು. ಬಟ್ಟೆ ಮಿಲ್ಲಿನಲ್ಲಿ ಮಗ್ಗದ ಮುಂದೆ ನಿಲ್ಲುತ್ತಿದ್ದವನು. ಎಂಬತ್ತೆರಡರ ಮುಷ್ಕರದಲ್ಲಿ ಮಿಲ್ಲು ಮುಚ್ಚಿತು, ಇವನು ಬೀದಿಗೆ ಬಿದ್ದ. ಹಸಿದು ಸ್ಟೇಶನ್ ಹತ್ತಿರದ ಉಡುಪಿ ಹೋಟೆಲಿಗೆ ಹೋದ. ಅಲ್ಲಿ ಪೂವಪ್ಪ ದೋಸೆ ಹುಯ್ಯುತ್ತಿದ್ದ. ಹಣಮಂತ ಪೂರ್ತಿ ತಿಂದು, ದೋಸೆ ಸರಿಯಿಲ್ಲ ಎಂದ. ಪೂವಪ್ಪ ಬೈದ. ಮರುದಿನವೂ ಅದೇ ಆಯಿತು.

"ಇಷ್ಟು ಕೆಟ್ಟದಿದ್ರೆ ಎಂತಕ್ಕೆ ಬರುದು?"

"ನೀ ಬೈತಿಯಲ್ಲ, ಅದಕ್ಕ."

ಹಾಗೆ ಶುರುವಾಯಿತು. ಹಣಮಂತನಿಗೆ ಅದೇ ಹೋಟೆಲಿನಲ್ಲಿ ಹಿಟ್ಟು ರುಬ್ಬುವ ಕೆಲಸ ಸಿಕ್ಕಿತು. ಮಲಗಲು ಪೂವಪ್ಪನ ಖೋಲಿ ಸಿಕ್ಕಿತು. ಚಾಳಿನವರು ಪಾರ್ಟ್ನರ್ ಎಂದರು. ಕೆಲವರು ಕಣ್ಣು ಹೊಡೆದು ಪಾರ್ಟ್ನರ್ ಎಂದರು. ಗೋಡೆಯಾಚೆ ಮಲಗುವ ಇಂದ್ರಾಬಾಯಿ ಮಾತ್ರ, ಇವರ ಜಗಳ ಕೇಳಿದರೆ ಗಂಡ ಹೆಂಡತಿ ಅಂತ ಕುರುಡನಿಗೂ ಗೊತ್ತಾಗುತ್ತದೆ ಎನ್ನುತ್ತಿದ್ದಳು.

ಪೂವಪ್ಪನಿಗೆ ಎದೆನೋವು ಬಂದ ದಿನ ಹಣಮಂತ ಅವನನ್ನು ರಿಕ್ಷಾದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದ. ಬಾಗಿಲಲ್ಲಿ "ರಿಶ್ತಾ ಕ್ಯಾ ಹೈ?" ಎಂದರು. ದೋಸ್ತ್ ಎಂದ. ದೋಸ್ತ್ ಹೊರಗೆ ಕೂರಲಿ, ಸಂಬಂಧಿಕರು ಬರಲಿ ಎಂದರು. ಸಂಬಂಧಿಕರು ದಹಿಸರಿನಲ್ಲಿದ್ದರು. ಮಳೆಗೆ ಲೋಕಲ್ ನಿಂತಿತ್ತು. ನೀಲಾವತಿ ಒದ್ದೆಯಾಗಿ ಬಂದು ಮುಟ್ಟುವಾಗ ಪೂವಪ್ಪ ಒಳಗೆ ಒಬ್ಬನೇ ಸತ್ತು ತಣ್ಣಗಾಗಿದ್ದ. ಹಣಮಂತ ಹೊರಗಿನ ಬೆಂಚಿನ ಮೇಲೆ ಅವನ ಚಪ್ಪಲಿ ಹಿಡಿದುಕೊಂಡು ಕೂತಿದ್ದ.

ಬೆಂಕಿ ಕೊಟ್ಟವನು ಕೊರಗಪ್ಪ. ಬದುಕಿದ್ದಾಗ ಅವನಿಗೂ ಪೂವಪ್ಪನಿಗೂ ಮಾತೇ ಇರಲಿಲ್ಲ.

ಗಂಡ ಸತ್ತವಳ ಹತ್ತಿರ ಜನ ಬಂದು ಕೂರುತ್ತಾರೆ. ಬಳೆ ಒಡೆಯುತ್ತಾರೆ, ಕುಂಕುಮ ಒರೆಸುತ್ತಾರೆ. ಹಾಳು ಪದ್ಧತಿ ಅದು. ಆದರೂ ಇವಳ ಗಂಡ ಸತ್ತ ಎಂದು ಊರು ಒಪ್ಪುತ್ತದೆ. ಒಂದಷ್ಟು ದಿನ ಅಳಲು ಬಿಡುತ್ತದೆ. ಹಣಮಂತನಿಗೆ ಒಡೆಯಲು ಬಳೆಯೂ ಇರಲಿಲ್ಲ. ಸುಟ್ಟ ಮರುದಿನವೇ ಹೋಟೆಲಿನ ಧಣಿ ಹೇಳಿ ಕಳುಹಿಸಿದ, ಪಾರ್ಟ್ನರ್ ಇನ್ನೊಬ್ಬ ಸಿಗುತ್ತಾನೆ, ಬಂದು ಹಿಟ್ಟು ರುಬ್ಬು ಎಂದು. ಅವನು ಹೋಗಿ ರುಬ್ಬಿದ. ಗ್ರೈಂಡರಿನ ಸದ್ದಿನಲ್ಲಿ ಅತ್ತರೆ ಯಾರಿಗೂ ಕೇಳುವುದಿಲ್ಲ.

ಈಗ ಅಂಥವನನ್ನು ಹೊರಗೆ ಹೋಗು ಎನ್ನುತ್ತಿದ್ದರು.

"ನಾ ಎಲ್ಲೂ ಹೋಗೂದಿಲ್ಲ," ಎಂದ ಹಣಮಂತ. "ಸವತಿ ಬರಾಕತ್ಯಾಳಂದ್ರ ಬೀಗರ ಮಾರಿ ನೋಡಬೇಕಲ್ಲ?"

ಕೊರಗಪ್ಪನಿಗೆ ಕೆಮ್ಮು ಬಂತು.

ಆದಿತ್ಯವಾರ ಹುಡುಗಿಯ ತಾಯಿ ವಿನೋದಿನಿ ಬಂದಳು. ವಿಧವೆ. ಬಾಲವಾಡಿಯಲ್ಲಿ ಆಯಾ. ಊರ ಮಕ್ಕಳ ಮೂಗು ಒರೆಸಿ ಒರೆಸಿ ಅವಳಿಗೆ ಯಾರ ಮುಲಾಜೂ ಉಳಿದಿರಲಿಲ್ಲ. ಇಂಥ ಮದುವೆಯಲ್ಲಿಯೂ ಬದುಕಿದ ಮಗಳಿಗೆ ಕೇಳುವಂತೆಯೇ ಎಲ್ಲ ಕೇಳಬೇಕು, ಕ್ರಮವೇ ಹಾಗೆ. ಅವಳು ಕೂತವಳೇ ಕೇಳಿದಳು.

"ಹುಡುಗನಿಗೆ ಕುಡಿಯುವ ಚಟ ಉಂಟಾ?"

"ಛೆ, ಇಲ್ಲವೇ ಇಲ್ಲ," ಎಂದಳು ನೀಲಾವತಿ.

"ಶನಿವಾರ ಒಂದ್ ಕ್ವಾರ್ಟರ್," ಎಂದ ಹಣಮಂತ, ಸ್ಟೋವಿನ ಹತ್ತಿರದಿಂದ. "ಕುಡದ್ರ ಅಳ್ತಿದ್ದ. ಹೊಡೀತಿರ್ಲಿಲ್ಲ."

"ಊಟಕ್ಕೆ ಎಂತ ಆಗ್ತದೆ?"

"ಮೀನಿದ್ರೆ ಸಾಕು ಅವನಿಗೆ," ಎಂದ ಕೊರಗಪ್ಪ.

"ಮೀನ ಬಿಟ್ಟು ಎಷ್ಟೋ ವರ್ಷ ಆಗಿತ್ರಿ. ಮೈ ತುರಸ್ತಿತ್ತು. ನಾ ಬಡದ ರೊಟ್ಟಿ ತಿಂತಿದ್ದ. ಬೈಕೋತ ತಿಂತಿದ್ದ."

"ಸಿಟ್ಟು?"

ಈ ಸಲ ತಂಗಿ, ಭಾವ ಇಬ್ಬರೂ ಹಣಮಂತನ ಮುಖ ನೋಡಿದರು.

"ಮುಂಜಾನಿ ಚಹಾ ಕುಡಿಯೂ ತನಕ ಭಾಳ. ಆಮ್ಯಾಲ ಇಲ್ಲ. ರಾತ್ರಿ ಗೊರಕಿ. ಎಡಮಗ್ಗಲಕ್ಕ ಹೊರಳಿಸಿದ್ರ ನಿಲ್ತಿತ್ತು."

ವಿನೋದಿನಿ ಚಹಾದ ಲೋಟ ಕೆಳಗಿಟ್ಟಳು.

"ನೀಲಾವತಿಯಕ್ಕ, ನಿಮ್ಮ ಅಣ್ಣನಿಗೆ ಮದುವೆ ಆಗಿದೆ."

"ಅಯ್ಯೋ, ಇಲ್ಲ! ಯಾರು ಹೇಳಿದ್ದು?"

"ಇವರೇ ಈಗ ಹೇಳಿದ್ರಲ್ಲ. ಗೊರಕೆ ಯಾವ ಬದಿಗೆ ನಿಲ್ತದೆ ಅಂತ ನನ್ನ ಗಂಡನದ್ದು ನಂಗೆ ಗೊತ್ತಿತ್ತು, ಮತ್ತೆ ಯಾರಿಗೂ ಗೊತ್ತಿರ್ಲಿಲ್ಲ. ನಾನು ಮಗಳನ್ನು ಎರಡನೇ ಸಂಬಂಧಕ್ಕೆ ಕೊಡುದಿಲ್ಲ. ಸತ್ತಿದ್ದಾಳೆ ಅಂತ ಅವಳೇನು ಅಗ್ಗವಾ?"

ಕೊರಗಪ್ಪ ಎದ್ದ. ಅವನು ಕೋರ್ಟಿನಲ್ಲಿ ಪ್ಯೂನ್. ಕಾನೂನಿನ ಬಾಗಿಲು ದಿನಾ ತೆಗೆಯುವವನು ತಾನೇ ಎಂಬ ಗತ್ತು ಇತ್ತು.

"ಗಂಡಸು ಗಂಡಸು ಮದುವೆಗೆ ಕಾನೂನು ಇಲ್ಲ ಅಕ್ಕ. ಯಾವ ರಿಜಿಸ್ಟ್ರಾರ್ ಬರೀತಾನೆ?"

"ಸತ್ತವರ ಮದುವೆಯನ್ನು ಯಾವ ರಿಜಿಸ್ಟ್ರಾರ್ ಬರೀತಾನೆ? ನನ್ನ ಮಗಳು ನಿಮ್ಮ ಪೂವಪ್ಪನ ಮುಖ ನೋಡಿದವಳಲ್ಲ. ಎರಡು ಗೊಂಬೆ ಇಟ್ಟು ಅಕ್ಕಿ ಹಾಕಿದ್ರೆ ನಿಮಗೆ ಅದು ಮದುವೆ. ಇವರಿಬ್ಬರು ಒಂದೇ ಚಾಪೆಯಲ್ಲಿ ಮಲಗಿ, ಬೇಯಿಸಿ ಹಾಕಿ, ಬೈದುಕೊಂಡು ಬಾಳಿದ್ದು ಮದುವೆ ಅಲ್ಲ. ನಿಮ್ಮ ಕಾನೂನಿಗೆ ಒಂದು ಲೋಟ ಚಹಾ ಕುಡಿಸಿ, ನಿದ್ದೆ ಬಿಡ್ಲಿ."

ಕೊರಗಪ್ಪ ನಗೆಯಲ್ಲಿ ತೇಲಿಸಲು ನೋಡಿದ. "ಹಾಗಾದ್ರೆ ಹಣಮಂತನೂ ಸಾಯ್ಲಿ. ಇಬ್ಬರ ಗೊಂಬೆ ಮಾಡಿ ಧಾರೆ ಎರೆಯುವ. ಯಾರೂ ಕೇಳುದಿಲ್ಲ."

ಹಣಮಂತ ನಗಲಿಲ್ಲ.

"ಸತ್ತ ಮ್ಯಾಲ ನನಗ್ಯಾಕ್ರಿ? ಅವತ್ತ ಆಸ್ಪತ್ರಿ ಬಾಗಲದಾಗ ಬೇಕಿತ್ತು. ಇಂವ ನನ್ನಾಂವ ಅನ್ನೂ ಒಂದ್ ಸರ್ಕಾರಿ ಕಾಗದ. ತೋರಿಸಿದ್ರ ಒಳಗ ಬಿಡ್ತಿದ್ರು. ಅಂವ ಸಾಯೂಮುಂದ ಕೈ ಹಿಡಕೊಂಡು ಕೂಡ್ತಿದ್ದೆ. ಅಷ್ಟ. ಜೀವ ಇದ್ದವ್ರಿಗೆ ಮಾಡ್ರಿ ಮದುವಿ. ಹೆಣಕ್ಕ ಏನ ಗಡಿಬಿಡಿ ಐತಿ?"

ನೀಲಾವತಿ ಸೆರಗು ಬಾಯಿಗೆ ಒತ್ತಿಕೊಂಡಳು. ಅಣ್ಣ ಸತ್ತ ದಿನವೂ ಅವಳು ಅಷ್ಟು ಅತ್ತಿರಲಿಲ್ಲ. ಅತ್ತು ಮುಗಿದ ಮೇಲೆ ಕೇಳಿದಳು, "ಮತ್ತೆ ನನ್ನ ಮಗಳ ಗತಿ? ಅಣ್ಣ ಅಡ್ಡ ನಿಂತಿದ್ದಾನಲ್ಲ?"

"ಸಂಸಾರ ಮಾಡಿದವನು ಯಾಕೆ ಅಡ್ಡ ನಿಲ್ತಾನೆ?" ಎಂದಳು ವಿನೋದಿನಿ. "ಬಲಿಮೆಯವರು ಸರಿಯಾಗಿ ವಿಚಾರಿಸ್ಲಿಲ್ಲ. ನೀವೂ ವಿಚಾರಿಸ್ಲಿಲ್ಲ." ಅವಳು ಚಹಾದ ಉಳಿದ ಗುಟುಕು ಮುಗಿಸಿ ಅಂಧೇರಿಗೆ ಹೋದಳು.

ಹೊರಡುವಾಗ ನೀಲಾವತಿ ಹೊಸ್ತಿಲಲ್ಲಿ ನಿಂತು ಹಣಮಂತನ ಕಡೆ ತಿರುಗಿದಳು.

"ಅಮಾವಾಸ್ಯೆಗೆ ಅಣ್ಣನಿಗೆ ಎಡೆ ಬಡಿಸುದುಂಟು. ನೀನು ದಹಿಸರಿಗೆ ಬಾ. ನೀನೇ ಬಡಿಸು."

"ಇವನು ಬಡಿಸುದಾ?" ಎಂದ ಕೊರಗಪ್ಪ. "ನೆಂಟರು ಯಾರು ಅಂತ ಕೇಳಿದ್ರೆ?"

"ಅಣ್ಣನ ಮನೆಯವರು ಅಂತ ಹೇಳುದು."

"ಯಾವ ಕಾನೂನಲ್ಲಿ?"

"ಇನ್ನು ಬರುವ ಕಾನೂನಲ್ಲಿ. ಈಗ ಕೊಡೆ ಬಿಡಿಸಿ, ಮಳೆ ಬಂತು."