ಕಾಕಾ ಮತ್ತೆ ಕ್ಲಾರಿನೆಟ್ ಊದಿದ ವರ್ಷ

ಹೋದ ವಾರ ನಮ್ಮ ಓಣಿಯ ಮದುವೆಗೆ ಬಂದ ಬ್ಯಾಂಡಿನವನೊಬ್ಬ, ಕ್ಲಾರಿನೆಟ್ಟಿನ ಬಾಯಿಗೆ ಸಿಕ್ಕಿಸುವ ಬೆತ್ತದ ತೆಳುವಾದ ಸೀಳನ್ನು ನಾಲಿಗೆಯ ಮೇಲಿಟ್ಟು ನೆನೆಸುತ್ತ ಕೂತಿದ್ದ. ಹುಮನಾಬಾದಿನ ನಮ್ಮ ಬಾಜು ಮನೆಯ ಕಾಕಾ ಹೀಗೆಯೇ ಕೂರುತ್ತಿದ್ದರು, ಕಣ್ಣು ಅರ್ಧ ಮುಚ್ಚಿ... ಹಳ್ಳಿಖೇಡದಿಂದ ಬಸವಕಲ್ಯಾಣದವರೆಗೆ ಮದುವೆಗಳಿಗೆ ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು.

ತೊಂಬತ್ತರ ದಶಕದ ಕೊನೆಗೆ ಅವರ ಹೆಂಡತಿ, ನಮ್ಮ ಕಾಕಿ, ಹಾಸಿಗೆ ಹಿಡಿದಳು. ಬಾಯೊಳಗೆಲ್ಲ ಮೊಸರು ಮೆತ್ತಿದಂತೆ ಬಿಳುಪು, ಗಂಜಿಯೂ ಇಳಿಯುತ್ತಿರಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದಾಗ ಎಚ್‌ಐವಿ ಎಂದಾಯಿತು. ಕಾಕಾರಿಗೂ ಇತ್ತು. ಊರೂರು ತಿರುಗುವ ತಮ್ಮಿಂದಲೇ ಆಕೆಗೆ ಬಂದದ್ದು ಎಂಬುದನ್ನು ಅವರು ಅಲ್ಲಗಳೆಯಲಿಲ್ಲ. ಆ ರೋಗವನ್ನು ಹತೋಟಿಯಲ್ಲಿಡುವ ಗುಳಿಗೆಗಳು ಆಗ ನಮ್ಮಂಥವರ ಕೈಗೆ ಎಟುಕುತ್ತಿರಲಿಲ್ಲ. ಕಾಕಿ ಆ ಬೇಸಿಗೆ ದಾಟಲಿಲ್ಲ.

ಕೆಲವು ವರ್ಷಗಳ ಮೇಲೆ ಅದೇ ಬಿಳುಪು ಕಾಕಾರ ನಾಲಿಗೆಗೂ ಬಂತು. ಊದಲಾಗದೆ ಹೋಯಿತು, ಬ್ಯಾಂಡಿನವರು ಕರೆಯುವುದನ್ನೂ ಬಿಟ್ಟರು. ಅಷ್ಟರಲ್ಲಿ ಗುಲ್ಬರ್ಗಾದ ಸರ್ಕಾರಿ ದವಾಖಾನೆಯಲ್ಲಿ ಗುಳಿಗೆ ಪುಕ್ಕಟೆ ಕೊಡತೊಡಗಿದ್ದರು. ಆದರೆ ದಿನಾ ತಪ್ಪದೆ ನುಂಗಿಸುವವರು ಒಬ್ಬರು ಜತೆಗೆ ಬರಬೇಕಿತ್ತು. ನನ್ನ ಅವ್ವ ಹೋದಳು. ಏನಾಗಬೇಕೆಂದು ಅಲ್ಲಿ ಕೇಳಿದಾಗ, "ಇಂವ ನನ್ನ ತಮ್ಮ ಆಗಬೇಕ್ರಿ" ಎಂದಳು. ಯಾವ ಸಂಬಂಧವೂ ಇರಲಿಲ್ಲ.

ಮೊದಲು ಬಾಯಿ ತಿಳಿಯಾಯಿತು. ಆಮೇಲೆ ಹಸಿವು ಬಂತು. ರೋಗದೊಡನೆ ಸೆಣಸುವ ರಕ್ತಕಣಗಳು ಏರುತ್ತಿವೆ ಎಂದು ಡಾಕ್ಟರರೇ ಖುಷಿಪಟ್ಟರಂತೆ. ಒಂದು ಮಧ್ಯಾಹ್ನ ಗೋಡೆಯಾಚೆ ಕ್ಲಾರಿನೆಟ್ ಕೇಳಿಸಿತು, ಉಸಿರು ಸಾಲದೆ ನಡುನಡುವೆ ತುಂಡಾಗುತ್ತ... ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು.

ಮೈ ಸುಧಾರಿಸಿದ ಮೇಲೆ ಕಾಕಾ ಬಸವಕಲ್ಯಾಣಕ್ಕೆ, ಕಾಕಿಯ ತವರಿಗೆ ಹೋದರು. ಅತ್ತೆಯ ಕಾಲು ಹಿಡಿದು ಬರುತ್ತೇನೆಂದು. ಮುದುಕಿ ಬೈಯಲಿಲ್ಲವಂತೆ. ಅವರನ್ನು ಮೇಲಿಂದ ಕೆಳಗೆ ನೋಡಿ, "ಚೊಲೊ ಆಗಿದಿ. ಗಲ್ಲ ತುಂಬ್ಯಾವ. ನನ್ನ ಮಗಳಿಗಿ ಯಾಕ ಸಿಗಲಿಲ್ಲಪಾ ಈ ಗುಳಿಗಿ?" ಎಂದಳಂತೆ. ಆಮೇಲೆ ಊಟಕ್ಕೆ ಹಾಕಿದಳಂತೆ. ಇದನ್ನು ನಮ್ಮ ಮನೆಯಲ್ಲಿ ಕೂತು ಹೇಳುವಾಗ ಕಾಕಾ ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿರುತ್ತಿತ್ತೇನೋ...

ಮೈ ಸುಧಾರಿಸಿದ ಮೇಲೆ ಅವ್ವ ಗುಳಿಗೆಯನ್ನು ಅವರ ಕೈಗೇ ಬಿಟ್ಟಿದ್ದಳು. ಕೆಲ ತಿಂಗಳಲ್ಲಿ ಕ್ಲಾರಿನೆಟ್ ನಿಂತಿತು. ಅವ್ವನಿಗೆ ಸಂಶಯ ಬಂದು ಬಾಯಿ ತೆರೆಸಿ ನೋಡಿದಳು. ನಾಲಿಗೆ ಮತ್ತೆ ಬೆಳ್ಳಗಾಗಿತ್ತು.

"ಗುಳಿಗಿ ಬಿಟ್ಟಿ, ಹೌದಿಲ್ಲ?"

"ಆಕಿದೂ ನಂದೂ ಒಂದೇ ಬ್ಯಾನಿ ಇತ್ತಕ್ಕಾ. ನಾ ಒಬ್ಬಾಂವ ಹ್ಯಾಂಗ ಆರಾಮ ಆಗಲಿ?"

ಅವ್ವ ಬೈದಳು, ಅತ್ತಳು, ಕೈಹಿಡಿದು ಗುಲ್ಬರ್ಗಾಕ್ಕೆ ಎಳೆದೊಯ್ದಳು. ಗುಳಿಗೆ ಮತ್ತೆ ಶುರುವಾಯಿತು. ಆದರೆ ಈ ಸಲ ಮೈ ಚೇತರಿಸಿಕೊಳ್ಳಲಿಲ್ಲ. ಜ್ವರ ತಲೆಗೇರಿತು, ಚಳಿಗಾಲ ಮುಗಿಯುವ ಮೊದಲೇ ತೀರಿಕೊಂಡರು.

ಮಣ್ಣಿಗೆ ಬಂದಿದ್ದ ಕಾಕಾರ ಅತ್ತೆ ಅವ್ವನ ಪಕ್ಕ ಕುಕ್ಕರಿಸಿ, "ಆರಾಮ ಆಗಿದ್ದನಲ್ಲವ್ವಾ, ಏನಾತು?" ಎಂದು ಕೇಳಿದಳು. ಆಕೆ ನಿಜವಾಗಿಯೂ ತಿಳಿಯದೆ ಕೇಳುತ್ತಿದ್ದಳು. ಅವ್ವ ಆಕೆಯ ಬೆನ್ನ ಮೇಲೆ ಕೈಯಿಟ್ಟಳು.

ಈಗ ಅಂಥವೇ ಗುಳಿಗೆ ನುಂಗುತ್ತ, ಮೊಮ್ಮಕ್ಕಳನ್ನು ಶಾಲೆಗೆ ಬಿಟ್ಟು ಬರುವವರು ನಮ್ಮೂರಲ್ಲಿದ್ದಾರೆ, ಕಾಕಾರ ವಾರಿಗೆಯವರು. ಅವರನ್ನು ಕಂಡರೆ ಸಂತೋಷವಾಗುತ್ತದೆ. ಮನೆಗೆ ಬಂದು ಬಾಜು ಮನೆಯ ಕಡೆ ನೋಡಿದರೆ, ಅಲ್ಲಿ ಬೇರೆಯವರಿದ್ದಾರೆ.