ಕೂಗಿದರೆ ಕೇಳುವ ಮನೆ

ಖಂಡೆಪ್ಪ ಹವಾಲ್ದಾರ ಸಿಂದಗಿ ಠಾಣೆಯಿಂದ ನಿವೃತ್ತನಾದದ್ದು ಎಪ್ಪತ್ತಾರನೇ ಇಸವಿಯಲ್ಲಿ. ಲಾಠಿಯನ್ನು ಸರಕಾರಕ್ಕೆ ಒಪ್ಪಿಸಿ ಬಂದ, ಹೊಡೆಯುವ ಚಟವನ್ನು ಮಾತ್ರ ಯಾರಿಗೂ ಒಪ್ಪಿಸಲಿಲ್ಲ. ಮೂವತ್ತು ವರ್ಷದಲ್ಲಿ ಕಳ್ಳರಿಗೆ ಬಿದ್ದ ಏಟಿಗಿಂತ ಹೆಂಡತಿ ಗುರವ್ವನಿಗೆ ಬಿದ್ದದ್ದೇ ಹೆಚ್ಚು. ಸಾರಿಗೆ ಉಪ್ಪು ಹೆಚ್ಚಾದರೆ ಕಪಾಳಕ್ಕೆ, ಕಡಿಮೆಯಾದರೆ ಬೆನ್ನಿಗೆ. ಬಸವನ ಬಾಗೇವಾಡಿಯಲ್ಲಿದ್ದಾಗ ಒಮ್ಮೆ ಅವಳ ಕೈಯನ್ನು ಬಾಗಿಲ ಸಂದಿಗೆ ಇಟ್ಟು ಕದ ಎಳೆದಿದ್ದ. ಎಡಗೈಯ ಎರಡು ಬೆರಳು ಇಂದಿಗೂ ಮಡಚುವುದಿಲ್ಲ. ಇಂಥವನಿಗೆ ಊರೆಲ್ಲ ‘ಸಾಹೇಬ್ರು’ ಅನ್ನುತ್ತಿತ್ತು, ಅವನ ಸಾಹೇಬಿಕೆ ಸುಡಲಿ!

ಮುದ್ದೇಬಿಹಾಳದಲ್ಲಿ ಅವನು ಕುತ್ತಿಗೆ ಹಿಸುಕಿದಾಗ, ಪಕ್ಕದ ಮನೆಯ ಪೀರಬಿ ಗೋಡೆಯಾಚೆಯಿಂದ ಕೇಳಿ ಓಡಿಬಂದು ಒನಕೆಯಿಂದ ಕದ ಗುದ್ದಿದ್ದಳು. ಅದಕ್ಕೇ ಗುರವ್ವ ಉಳಿದಳು. ಅಂದಿನಿಂದ ಯಾವ ಮನೆಗೆ ಕಾಲಿಟ್ಟರೂ ಅವಳು ನೋಡುತ್ತಿದ್ದದ್ದು ಒಂದೇ: ಕೂಗಿದರೆ ಯಾರಿಗಾದರೂ ಕೇಳಬೇಕು, ಕೇಳಿದವರು ಬರಬೇಕು.

ನಿವೃತ್ತನಾದ ಮೇಲೆ ಖಂಡೆಪ್ಪನಿಗೆ ಸಮುದ್ರದ ಹುಚ್ಚು ಹಿಡಿಯಿತು. ಐವತ್ತೈದು ದಾಟಿಯೂ ಕೈಕಾಲು ಗಟ್ಟಿ ಇರುವವರಿಗೆಂದು ಕರಾವಳಿಯಲ್ಲಿ ಎರಡು ಕಾಲನಿ ಎದ್ದಿದ್ದವು, ಒಂದು ಕುಮಟಾ ಹತ್ತಿರ, ಇನ್ನೊಂದು ಕಾರವಾರದ ಹತ್ತಿರ. ಎರಡನ್ನೂ ನೋಡಿಯೇ ಮನೆ ಕೊಳ್ಳುವುದೆಂದು ಹೊರಟ. ಹೆಂಡತಿಯನ್ನು ಕರೆದೊಯ್ದದ್ದು ಪ್ರೀತಿಗಲ್ಲ. ಇಂಡಿಯಲ್ಲಿ ತವರಿನವರು ಅವಳಿಗೆ ಕೊಟ್ಟಿದ್ದ ನಿಂಬೆ ತೋಟ ಮಾರಿದ ಹಣ ಅವಳ ಹೆಸರಿನಲ್ಲಿತ್ತು, ಅವಳ ಹೆಬ್ಬೆಟ್ಟು ಬೇಕಿತ್ತು.

ಕುಮಟಾದ ಮನೆಗಳು ದೂರ ದೂರ, ನಡುವೆ ಗಾಳಿಮರದ ತೋಪು.

“ಚಲೋ ಐತಿ. ಯಾರ ಕಿರಿಕಿರಿನೂ ಇಲ್ಲ,” ಎಂದ ಖಂಡೆಪ್ಪ.

ಗುರವ್ವ ಹಿತ್ತಲಿಗೆ ಹೋಗಿ, ಬಾಯಿಗೆ ಅಂಗೈ ಬಡಿದುಕೊಂಡು ಲಬೋ ಲಬೋ ಎಂದು ಹೊಯ್ಕೊಂಡಳು. ನಮ್ಮ ಕಡೆ ಹಾಗೆ ಹೊಯ್ಕೊಂಡರೆ ಓಣಿಗೆ ಓಣಿಯೇ ಓಡಿಬರುತ್ತದೆ. ಇಲ್ಲಿ ದೂರದ ಜಗುಲಿಯ ಮೇಲೆ ಪೇಪರು ಓದುತ್ತಿದ್ದ ಮುದುಕನೊಬ್ಬ ತಲೆ ಎತ್ತಿ ನೋಡಿ, ನಕ್ಕು, ಪುಟ ತಿರುವಿದ.

“ಹುಚ್ಚು ಹಿಡೀತೇನಲೇ? ನನ್ನ ಮಾನ ಕಳೀತಿ!” ಖಂಡೆಪ್ಪ ಓಡಿಬಂದು ಸೊಂಟಕ್ಕೆ ಒದ್ದ. ಮೋರೆ ಕೆಳಗಾಗಿ ಬಿದ್ದಳು. ಮುದುಕ ಪೇಪರು ಮಡಚಿಕೊಂಡು ಒಳಗೆ ಹೋದ.

“ಈ ಮನಿ ಬ್ಯಾಡ್ರಿ,” ಎಂದಳು ಗುರವ್ವ, ಬಾಯೊಳಗಿನ ಮರಳು ಉಗುಳುತ್ತ.

ಕಾರವಾರದವು ಸಾಲು ಮನೆಗಳು, ಎರಡು ಮನೆಗೆ ಒಂದೇ ಗೋಡೆ. ಪಕ್ಕದಲ್ಲಿದ್ದ ನಿವೃತ್ತ ನರ್ಸಬಾಯಿ ಶಮಶಾದಬಿ ಕೆಮ್ಮಿದ್ದು ಈಚೆಗೆ ಕೇಳಿಸಿತು. ಗುರವ್ವನ ಜೀವ ತಣ್ಣಗಾಯಿತು.

“ಇದ ಇರ್ಲಿರಿ.”

“ಇದೇನು ಮನಿನೋ, ಕುದುರಿ ಲಾಯನೋ? ಕುಮಟಾದ್ದ ಕಾಯಂ. ನಡಿ, ಹೆಬ್ಬೆಟ್ಟು ಒತ್ತು.”

“ನಾ ಒತ್ತಂಗಿಲ್ರಿ.”

ಮೂವತ್ತು ವರ್ಷದಲ್ಲಿ ಅವಳ ಬಾಯಿಂದ ಬಂದ ಮೊದಲ ‘ಇಲ್ಲ’ ಅದು. ಖಂಡೆಪ್ಪ ತುರುಬು ಹಿಡಿದು ಅವಳ ಹಣೆಯನ್ನು ಗೋಡೆಗೆ ಅಪ್ಪಳಿಸಿದ. ಮತ್ತೊಮ್ಮೆ ಅಪ್ಪಳಿಸಿದ. ರಕ್ತ ಕಣ್ಣಿಗಿಳಿದು ಜಗತ್ತೇ ಕೆಂಪಾಯಿತು. ಕೂಗಲು ಅವಳಲ್ಲಿ ಉಸಿರೇ ಇರಲಿಲ್ಲ. ಆದರೆ ಗೋಡೆಯ ಸದ್ದೇ ಆಚೆಗೆ ಹೋಗಿತ್ತು. ಕೈಯಲ್ಲಿ ಕಬ್ಬಿಣದ ಬಾಣಲೆ ಹಿಡಿದೇ ಶಮಶಾದಬಿ ಒಳಗೆ ನುಗ್ಗಿದಳು.

“ಬಿಡೋ ಹೈವಾನ್!”

ಬಾಣಲೆ ಅವನ ಮಣಿಕಟ್ಟಿನ ಮೇಲೆ ಬಿತ್ತು. ಮೂಳೆ ಲಟಕ್ಕೆಂದು ಮುರಿಯಿತು. ಹವಾಲ್ದಾರ ಸಾಹೇಬ ನೆಲಕ್ಕೆ ಕುಸಿದು ಅವ್ವಾ ಎಂದು ಅರಚಿದ. ಕೇಳಿ ಗುರವ್ವನಿಗೆ ಸುಖವೆನಿಸಿತು, ಸುಳ್ಳು ಯಾಕೆ ಹೇಳಲಿ.

ಶಮಶಾದಬಿ ಅವಳ ಹಣೆಗೆ ಬಟ್ಟೆ ಒತ್ತಿ ಹಿಡಿದು ಕಾಲನಿಯ ಆಫೀಸಿಗೆ ಕರೆದೊಯ್ದಳು. ಮುರಿದ ಕೈ ಎದೆಗೆ ಅವುಚಿಕೊಂಡು ಖಂಡೆಪ್ಪನೂ ಹಿಂದೆ ಬಂದ.

“ಆತು ಬಿಡು, ನೀ ಅಂದಂಗ ಆಗ್ಲಿ. ಇದನ್ನ ತಗೊಳ್ಳೂಣು,” ಎಂದು ಗೋಗರೆದ.

ಗುಮಾಸ್ತ ಅಂಜುತ್ತಲೇ ಅರ್ಜಿ ಬಿಡಿಸಿದ. “ಮನೆಯಲ್ಲಿ ಎಷ್ಟು ಜನ ಇರ್ತೀರಿ?”

“ಇಬ್ಬರು,” ಎಂದ ಖಂಡೆಪ್ಪ.

ಗುರವ್ವ ಹೆಬ್ಬೆಟ್ಟಿನ ರಕ್ತವನ್ನು ಸೆರಗಿಗೆ ಒರೆಸಿ ಮಸಿಗೆ ಒತ್ತಿದಳು.

“ಒಬ್ಬಾಕಿ ಅಂತ ಬರ್ಕೋರಿ.”