ಗುಳಿಯಿಲ್ಲದ ಮುದ್ದೆ

ಶ್ರೀಗಂಧದ ಕಾವಲು ಬಡಾವಣೆಯ ಗಣಿತದ ಮೇಷ್ಟ್ರು ಭೈರೇಶ್ ಹುಟ್ಟಿದಾಗಿನಿಂದ ಒಂದು ತೊಟ್ಟು ಹೆಂಡ ಮುಟ್ಟಿದವನಲ್ಲ. ಆದರೂ ಎರಡು ವರ್ಷದಿಂದ ಪ್ರತಿ ಶನಿವಾರ ಮಧ್ಯಾಹ್ನ, ಸ್ಕೂಲು ಅರ್ಧ ದಿನಕ್ಕೆ ಬಿಟ್ಟ ಮೇಲೆ, ಬಾರಿಗೆ ಹೋಗುತ್ತಿದ್ದ. ಹೋಗುತ್ತಿದ್ದ ಎನ್ನುವುದಕ್ಕಿಂತ ನುಸುಳುತ್ತಿದ್ದ ಎನ್ನುವುದು ಸರಿ. ಸ್ಕೂಟರನ್ನು ನಾಲ್ಕು ಅಂಗಡಿ ಆಚೆ ಪಂಕ್ಚರ್ ಅಂಗಡಿಯ ಮುಂದೆ ನಿಲ್ಲಿಸುವುದು, ಹೆಲ್ಮೆಟ್ ತೆಗೆಯದೆ ಹಿಂದಿನ ಗಲ್ಲಿ ಹಿಡಿಯುವುದು, ಅಡುಗೆಮನೆಯ ಬಾಗಿಲಿನಿಂದ ಒಳಹೊಕ್ಕು ಮೂಲೆಯ ಟೇಬಲ್ ಸೇರಿದ ಮೇಲೆಯೇ ಹೆಲ್ಮೆಟ್ ಕಳಚುವುದು. ಹೆಲ್ಮೆಟ್ ಹಾಕಿಕೊಂಡು ಬೀದಿಯಲ್ಲಿ ನಡೆದು ಹೋಗುವವನನ್ನು ಊರೇ ತಿರುಗಿ ನೋಡುತ್ತದೆ ಎಂಬ ಸುಲಭದ ಲೆಕ್ಕ ಲೆಕ್ಕದ ಮೇಷ್ಟ್ರಿಗೇ ಹೊಳೆದಿರಲಿಲ್ಲ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವುದು ಅಂದರೆ ಇದೇ.

ಅವನ ಅಂಜಿಕೆಗೆ ಕಾರಣವಿಲ್ಲದೆ ಇರಲಿಲ್ಲ. ಅವನ ಅಪ್ಪ ಕೆಂಚಪ್ಪ ಕುಡಿದು ಬಿದ್ದಲ್ಲಿಂದ ಯಾರಾದರೂ ಎತ್ತಿನಗಾಡಿಗೆ ಹಾಕಿಕೊಂಡು ಬಂದು ಮನೆ ಮುಂದೆ ಇಳಿಸಿ ಹೋಗುತ್ತಿದ್ದ ಕಾಲವನ್ನು ಹಳೆಯ ಕಾವಲಿನವರು ಇನ್ನೂ ಮರೆತಿಲ್ಲ. ಹೊಲವೆಲ್ಲ ಸೈಟುಗಳಾಗಿ, ಸೈಟುಗಳೆಲ್ಲ ಮೂರಂತಸ್ತಿನ ಮನೆಗಳಾದರೂ ಭೈರೇಶ್ ಮಾತ್ರ ಅವರ ಬಾಯಲ್ಲಿ ಕುಡುಕ ಕೆಂಚಪ್ಪನ ಮಗನೇ. ಆ ಹೆಸರು ತೊಳೆದುಕೊಳ್ಳಲೆಂದೇ ಅವನು ಮೇಷ್ಟ್ರಾದ, ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿದ, ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘಕ್ಕೆ ಕಾರ್ಯದರ್ಶಿಯೂ ಆದ.

ಬಾರಿನ ಪರಿಚಯವಾದದ್ದೂ ಆ ಕಾರ್ಯದರ್ಶಿ ಪದವಿಯಿಂದಲೇ. ಬಾರು ಗಣೇಶನ ಗುಡಿಗೆ ತೀರಾ ಹತ್ತಿರ ಇದೆ, ಎತ್ತಿಸಬೇಕು ಎಂದು ಸಂಘ ತೀರ್ಮಾನ ಮಾಡಿತ್ತು. ಅರ್ಜಿಯ ಕರಡು ಬರೆದವನು ಭೈರೇಶ್. ದೂರ ಎಷ್ಟೆಂದು ಅಳೆಯಲು ಟೇಪು ಹಿಡಿದು ಒಂದು ಶನಿವಾರ ಮಧ್ಯಾಹ್ನ ಅಲ್ಲಿಗೆ ಹೋದವನೂ ಅವನೇ. ಮಾಲೀಕ ಕಿಟ್ಟಿ ಜಗಳಕ್ಕೆ ಬರಲಿಲ್ಲ. ಟೇಪಿನ ಇನ್ನೊಂದು ತುದಿಯನ್ನು ತಾನೇ ಹಿಡಿದುಕೊಂಡ. ಅಳೆದು ಮುಗಿದ ಮೇಲೆ, ಬಿಸಿಲಲ್ಲಿ ಬಂದಿದ್ದೀರಿ, ಒಂದು ಮುದ್ದೆ ಉಂಡುಕೊಂಡು ಹೋಗಿ ಎಂದ. ಬೇಡವೆನ್ನುವಷ್ಟರಲ್ಲಿ ಒಳಗಿನಿಂದ ಬಸ್ಸಾರಿನ ಒಗ್ಗರಣೆಯ ವಾಸನೆ ಬಂತು. ಅರ್ಜಿ ಇವತ್ತಿಗೂ ಭೈರೇಶನ ಮೇಜಿನ ಖಾನೆಯಲ್ಲೇ ಇದೆ.

ಆ ಬಾರೇ ಒಂದು ವಿಚಿತ್ರ. ಬೋರ್ಡಿನಲ್ಲಿ ಯಾವುದೋ ದೇವಿಯ ಹೆಸರಿದ್ದರೂ ಜನ ಕರೆಯುವುದು ಹೊಲಿಗೆ ಬಾರ್ ಎಂದು. ಕಿಟ್ಟಿ ಮೊದಲು ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಮೆಕ್ಯಾನಿಕ್ಕಾಗಿದ್ದ. ಕಾರ್ಖಾನೆ ಮುಚ್ಚಿದಾಗ ಗುಜರಿಗೆ ಹೊರಟಿದ್ದ ಹಳೆಯ ಹೊಲಿಗೆ ಯಂತ್ರಗಳ ಸ್ಟ್ಯಾಂಡುಗಳನ್ನು ತಂದು, ಮೇಲೊಂದು ಹಲಗೆ ಬಡಿದು, ಟೇಬಲ್ ಮಾಡಿಬಿಟ್ಟ. ಕೆಳಗೆ ಪೆಡಲ್ ಹಾಗೇ ಇದೆ. ಕುಡಿಯುವವರು ಮಾತಾಡುತ್ತಾ ಆಡುತ್ತಾ ಪೆಡಲ್ ತುಳಿಯುತ್ತಿರುತ್ತಾರೆ. ಇಡೀ ಬಾರು ಕಿರ್‌ ಕಿರ್‌ ಎನ್ನುತ್ತಿರುತ್ತದೆ. ಉಣ್ಣದವನಿಗೆ ಎರಡನೇ ಪೆಗ್ ಇಲ್ಲ ಎನ್ನುವುದು ಕಿಟ್ಟಿಯ ಕಾನೂನು. ಗೋಡೆಯ ಮೇಲೆ ಸುಣ್ಣದಲ್ಲಿ ಬರೆಸಿದ್ದಾನೆ, ಎಂಥ ರೌಡಿಗೂ ವಿನಾಯಿತಿ ಕೊಟ್ಟದ್ದಿಲ್ಲ.

ಆ ಕಾನೂನಿಗೆ ಬಲ ತುಂಬಿದವರು ಕಮಲಾಕ್ಷಮ್ಮ. ಅದೇ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಿದ್ದವರು. ಗಂಡ ಹೋಗಿ, ಕೆಲಸವೂ ಹೋಗಿ ಕೂತಿದ್ದಾಗ ಕಿಟ್ಟಿ ಕರೆದುಕೊಂಡು ಬಂದು ಒಲೆ ಮುಂದೆ ನಿಲ್ಲಿಸಿದ. ಮಾಗಡಿ ಕಡೆಯ ಕೈ. ಶನಿವಾರ ಮಾಂಸ ಮುಟ್ಟದ ಗಿರಾಕಿಗಳಿಗೆಂದು ಅವರು ಮಾಡುವ ಬಸ್ಸಾರು, ಅದರ ಪಲ್ಯ, ಹಸಿ ಈರುಳ್ಳಿ ಇಷ್ಟನ್ನು ತಿಂದವನು ಆ ದಿನ ಯಾರ ಮೇಲೂ ಕೋಪ ಮಾಡಿಕೊಳ್ಳಲಾರ. ಅವರದ್ದೊಂದು ಪದ್ಧತಿಯಿತ್ತು. ತಮ್ಮ ಮನೆಯವರು ಎಂದು ಅವರಿಗೆ ಅನ್ನಿಸಿದವರ ಮುದ್ದೆಗೆ ಮಾತ್ರ ನೆತ್ತಿಯ ಮೇಲೆ ಹೆಬ್ಬೆಟ್ಟು ಒತ್ತಿ ಒಂದು ಗುಳಿ ಮಾಡಿ, ಅದರಲ್ಲಿ ತುಪ್ಪ ಬಿಟ್ಟು ಕಳಿಸುವುದು. ಕೇಳಿದರೆ ಸಿಕ್ಕುವುದಲ್ಲ ಅದು. ನೂರಾರು ಗಿರಾಕಿಗಳಲ್ಲಿ ಐದಾರು ಜನಕ್ಕೆ ಸಿಗುತ್ತಿತ್ತು. ಭೈರೇಶನಿಗೆ ನಾಲ್ಕನೇ ಶನಿವಾರ ಸಿಕ್ಕಿತು. ಅವತ್ತು ಅವನಿಗೆ ಪ್ರಮೋಷನ್ ಸಿಕ್ಕಿದಾಗ ಆಗದಷ್ಟು ಖುಷಿಯಾಗಿತ್ತು. ತಟ್ಟೆ ಮುಂದಿಟ್ಟುಕೊಂಡು ಸುಮ್ಮನೆ ಪೆಡಲ್ ತುಳಿದಿದ್ದ.

ಹೀಗಿರುವಾಗ ಮಗಳು ಬಿಂದುಶ್ರೀಯ ಮದುವೆ ಗೊತ್ತಾಯಿತು. ಹುಡುಗನ ಕಡೆಯವರು ರಾಜಾಜಿನಗರದವರು, ಅನುಕೂಲಸ್ಥರು. ಬೀಗರಾದ ಮೋಹನ್ ಕುಮಾರ್ ಅವರಿಗೆ ಮಾಗಡಿ ರಸ್ತೆಯ ಪಕ್ಕದಲ್ಲೇ ಒಂದು ವರ್ಕ್‌ಶಾಪ್. ಮದುವೆ ಛತ್ರದಲ್ಲಿ ಮುಗಿಯಿತು. ಬೀಗರ ಊಟ ಮಾತ್ರ ಮನೆಯ ತಾರಸಿಯ ಮೇಲೇ ಆಗಬೇಕೆಂದು ಭೈರೇಶನ ಆಸೆ. ಬೀಗರ ಊಟದಲ್ಲಿ ಸಾರು ಸಪ್ಪೆಯಾದರೆ ಮೂರು ತಲೆಮಾರು ಆಡಿಕೊಳ್ಳುತ್ತಾರೆ. ಭೈರೇಶನಿಗೆ ಒಂದೇ ಕೈಯ ಮೇಲೆ ನಂಬಿಕೆ. ಕಮಲಾಕ್ಷಮ್ಮನನ್ನು ಕೇಳಿದ. ಅವರು ಕೂಲಿಯ ಮಾತನ್ನೇ ಎತ್ತಬೇಡಿ, ಹೆಣ್ಣುಮಗುವಿನ ಕಾರ್ಯ ಎಂದರು. ಕಿಟ್ಟಿ ಆ ಭಾನುವಾರ ಬಾರಿನ ಬಾಗಿಲಿಗೆ ಇವತ್ತು ಅಡುಗೆಯಿಲ್ಲ ಎಂದು ಬೋರ್ಡು ತೂಗಿಹಾಕಿದ. ಹೆಂಡತಿ ಯಶೋದಮ್ಮನಿಗೆ ಭೈರೇಶ್ ಹೇಳಿದ್ದು, ಸ್ಕೂಲಿನ ಸಹೋದ್ಯೋಗಿಯೊಬ್ಬರು ಗೊತ್ತು ಮಾಡಿಕೊಟ್ಟ ಅಡುಗೆಯವರು ಎಂದು.

ಬೆಳಿಗ್ಗೆ ಐದಕ್ಕೇ ಬಂದ ಕಮಲಾಕ್ಷಮ್ಮ ಮನೆಯ ಹಿಂದೆ ಶೀಟು ಕಟ್ಟಿದ ಜಾಗದಲ್ಲಿ ಒಲೆ ಹೂಡಿದರು. ಮಧ್ಯಾಹ್ನದ ಹೊತ್ತಿಗೆ ಮಟನ್ ಸಾರು, ಬೋಟಿ ಗೊಜ್ಜು, ಕೈಮಾ ಉಂಡೆ ಸಿದ್ಧ. ಅವತ್ತು ಅವರು ಒಂದು ಕೆಲಸ ಮಾಡಿದರು. ಎಲೆಗೆ ಬಿದ್ದ ಪ್ರತಿ ಮುದ್ದೆಗೂ ಗುಳಿ ಒತ್ತಿ ತುಪ್ಪ ಬಿಟ್ಟರು. ನೂರೈವತ್ತು ಮುದ್ದೆ. ಬಿಂದುಶ್ರೀಯ ಮನೆಯವರೆಲ್ಲ ನನ್ನ ಮನೆಯವರೇ ಅಲ್ವಾ ಎಂದು ನಕ್ಕರು. ಮೊದಲ ಪಂಕ್ತಿಯಲ್ಲಿ ಕೂತ ಮೋಹನ್ ಕುಮಾರ್ ಮುದ್ದೆಯನ್ನೇ ನೋಡಿದರು, ಒಂದು ತುತ್ತು ನುಂಗಿದರು, ತಲೆಯೆತ್ತಿ ಭೈರೇಶನ ಕಡೆ ನೋಡಿ ಮುಗುಳ್ನಕ್ಕರು. ಊಟ ಹಿಡಿಸಿತು ಎಂದು ಭೈರೇಶ್ ಹಿಗ್ಗಿದ. ಅವರು ಎದ್ದು ಹೆಂಡತಿಯ ಕಿವಿಯಲ್ಲಿ ಏನೋ ಹೇಳಿದ್ದನ್ನು ಅವನು ಗಮನಿಸಲಿಲ್ಲ.

ಬೀಗಿತ್ತಿಯವರ ಮನೆತನದಲ್ಲಿ ಒಂದು ನಡಾವಳಿ. ಸಂಬಂಧದ ಮೊದಲ ಊಟದ ಅಡುಗೆ ಮಾಡಿದ ಕೈಗೆ ಗಂಡಿನ ತಾಯಿ ಎಲೆಯಡಿಕೆ ಕೊಟ್ಟು ಸೀರೆ ಉಡುಗೊರೆ ಮಾಡಬೇಕು. ಅವರು ತಟ್ಟೆಯಲ್ಲಿ ಎಲೆಯಡಿಕೆ, ಹಸಿರು ರೇಷ್ಮೆ ಸೀರೆ ಇಟ್ಟುಕೊಂಡು ಹಿತ್ತಿಲಿಗೇ ಬಂದರು. ಹಿಂದೆ ಹತ್ತಾರು ಹೆಂಗಸರು, ಮೋಹನ್ ಕುಮಾರ್, ಸಂಘದ ಇಬ್ಬರು ಹಿರಿಯರು. ಕಮಲಾಕ್ಷಮ್ಮ ಗಡಿಬಿಡಿಯಿಂದ ಸೆರಗಿಗೆ ಕೈ ಒರೆಸಿಕೊಂಡು ನಿಂತರು. ಬೀಗಿತ್ತಿ ಪ್ರೀತಿಯಿಂದಲೇ ಕೇಳಿದರು.

"ಎಲ್ಲಿ ಅಡುಗೆ ಮಾಡ್ತೀರಮ್ಮ ನೀವು?"

ಕಮಲಾಕ್ಷಮ್ಮ ಬಾಯಿ ತೆರೆದರು. ಆ ಒಂದು ಗಳಿಗೆಯಲ್ಲಿ ಭೈರೇಶನಿಗೆ ಕಂಡದ್ದು ಎತ್ತಿನಗಾಡಿ. ಬಾರು ಎಂಬ ಮಾತು ಆ ಬಾಯಿಂದ ಬಿದ್ದರೆ ಸಂಘದ ಹಿರಿಯರು ಏನಂದಾರು, ತನ್ನನ್ನು ಕುಡುಕನ ಮಗ ಎನ್ನುವ ಹಾಗೆ ಬಿಂದುಶ್ರೀಯನ್ನು ರಾಜಾಜಿನಗರದಲ್ಲಿ ಕುಡುಕನ ಮೊಮ್ಮಗಳು ಎಂದು ಕರೆದಾರು. ಯಾರೂ ಕೇಳದಿದ್ದರೂ ಮಧ್ಯೆ ನುಗ್ಗಿದ.

"ಅಯ್ಯೋ, ಇವ್ರು ಅಡುಗೆಯವರಲ್ಲ. ಪಾತ್ರೆ ತೊಳ್ಯಕ್ಕೆ ಬಂದಿರೋರು. ಅಡುಗೆ ಎಲ್ಲ ನಮ್ಮನೆಯೋಳದೇ."

ಯಶೋದಮ್ಮ ಗಂಡನ ಮುಖ ನೋಡಿದಳು. ಕಮಲಾಕ್ಷಮ್ಮ ಯಾರ ಮುಖವನ್ನೂ ನೋಡಲಿಲ್ಲ. ನಿಧಾನವಾಗಿ ಕೆಳಗೆ ಕೂತು, ಮಸಿ ಹಿಡಿದ ಸಾರಿನ ಹಂಡೆಯನ್ನು ತಮ್ಮ ಕಡೆಗೆ ಎಳೆದುಕೊಂಡು, ತೆಂಗಿನ ನಾರು ತೆಗೆದುಕೊಂಡು ಉಜ್ಜತೊಡಗಿದರು. ಅವನ ಸುಳ್ಳು ಸುಳ್ಳಾಗದಿರಲೆಂದು ಉಜ್ಜಿದರು. ಬೀಗಿತ್ತಿ ಸ್ವಲ್ಪ ಹೊತ್ತು ತಟ್ಟೆ ಹಿಡಿದು ನಿಂತಿದ್ದು, ಆಮೇಲೆ ತಿರುಗಿ ಎಲೆಯಡಿಕೆಯನ್ನೂ ಸೀರೆಯನ್ನೂ ಯಶೋದಮ್ಮನಿಗೆ ಕೊಟ್ಟರು. ಹೆಂಗಸರು ಶೋಭಾನೆ ಹೇಳಿದರು. ಅಷ್ಟು ಹೊತ್ತೂ ಹಂಡೆ ಉಜ್ಜುವ ಸದ್ದು ಕೇಳುತ್ತಲೇ ಇತ್ತು. ಭೈರೇಶನಿಗೆ ಭೂಮಿ ಬಾಯಿಬಿಡಬಾರದೆ ಅನ್ನಿಸಿತು. ಅದು ಬಿಡಲಿಲ್ಲ, ಎರಡನೇ ಪಂಕ್ತಿಗೆ ನೀರು ಬಡಿಸಬೇಕಾಗಿತ್ತು.

ಸಂಜೆ ಎಲ್ಲರೂ ಹೋದ ಮೇಲೆ ಹಿತ್ತಿಲಿಗೆ ಹೋಗಿ ನೋಡಿದರೆ ಕಮಲಾಕ್ಷಮ್ಮ ಇರಲಿಲ್ಲ. ಪಾತ್ರೆಗಳೆಲ್ಲ ಫಳಫಳ ಹೊಳೆಯುತ್ತಾ ಬೋರಲು ಬಿದ್ದಿದ್ದವು. ಒಂದನ್ನೂ ಬಿಟ್ಟಿರಲಿಲ್ಲ. ಭೈರೇಶ್ ಅಲ್ಲೇ ಕಟ್ಟೆಯ ಮೇಲೆ ಕೂತು ಹೆಂಡತಿಗೆ ಎಲ್ಲ ಹೇಳಿದ, ಶನಿವಾರಗಳನ್ನೂ ಹೆಲ್ಮೆಟ್ಟನ್ನೂ ಸೇರಿಸಿ. ಬಾರಿನ ವಿಷಯಕ್ಕೆ ರಂಪವಾಗುತ್ತದೆ ಎಂದುಕೊಂಡಿದ್ದ. ಯಶೋದಮ್ಮ ಬಾರಿನ ಸುದ್ದಿಯನ್ನೇ ಎತ್ತಲಿಲ್ಲ.

"ಬೆಳಿಗ್ಗೆ ಐದು ಗಂಟೆಯಿಂದ ಬೆಂಕಿ ಮುಂದೆ ನಿಂತೋರ ಸೀರೆ ಇದು. ಇದನ್ನ ನನ್ನ ಮೈಮೇಲೆ ಹಾಕ್ಸಿದ್ರಲ್ಲ ನೀವು," ಎಂದಳು. ಸೀರೆಯನ್ನು ಕವರಿಗೆ ಹಾಕಿ ಅವನ ಸ್ಕೂಟರಿನ ಹ್ಯಾಂಡಲ್ಲಿಗೆ ತೂಗುಬಿಟ್ಟಳು. ವಾರವೆಲ್ಲ ಅದು ಅಲ್ಲೇ ತೂಗಿತು. ತೆಗೆದು ಒಳಗಿಡುವ ಧೈರ್ಯ ಅವನಿಗಾಗಲಿಲ್ಲ, ಕೊಟ್ಟು ಬರುವ ಧೈರ್ಯವೂ ಆಗಲಿಲ್ಲ. ಕ್ಲಾಸಿನಲ್ಲಿ ಬೋರ್ಡಿನ ಕಡೆ ತಿರುಗಿದರೆ ಸಾಕು, ನಾರು ಉಜ್ಜುವ ಸದ್ದು.

ಶನಿವಾರ ಬಂತು. ಅಭ್ಯಾಸಬಲ, ಅದೇ ಗಲ್ಲಿ, ಅದೇ ಹೆಲ್ಮೆಟ್, ಕೈಯಲ್ಲಿ ಮಾತ್ರ ಸೀರೆಯ ಕವರು. ಅಡುಗೆಮನೆಯ ಬಾಗಿಲಲ್ಲಿ ಕಮಲಾಕ್ಷಮ್ಮ ಸೊಪ್ಪು ಬಿಡಿಸುತ್ತಿದ್ದರು. ಕಾಲು ಮಡಚಿಕೊಂಡು ದಾರಿ ಬಿಟ್ಟರು, ಬನ್ನಿ ಸಾರ್ ಎಂದೂ ಅಂದರು, ಮುಖದಲ್ಲಿ ಸಿಟ್ಟಿರಲಿಲ್ಲ. ಭೈರೇಶನ ಜೀವ ಸ್ವಲ್ಪ ತಣ್ಣಗಾಯಿತು. ಮೂಲೆಯ ಟೇಬಲ್ಲಿನಲ್ಲಿ ಕೂತ. ತಟ್ಟೆ ಬಂತು. ಬಸ್ಸಾರು ಅದೇ, ಪಲ್ಯ ಅದೇ, ಈರುಳ್ಳಿ ಅದೇ. ಮುದ್ದೆ ಮಾತ್ರ ನುಣ್ಣಗೆ, ದುಂಡಗೆ ಇತ್ತು. ಎಲ್ಲೂ ಒಂದು ಬೆರಳಿನ ಗುರುತಿರಲಿಲ್ಲ. ಪಕ್ಕದ ಟೇಬಲ್ಲಿನ ಗಾರೆ ಕೆಲಸದವನ ಮುದ್ದೆಯಲ್ಲಿ ತುಪ್ಪ ಮಿನುಗುತ್ತಿತ್ತು.

ಭೈರೇಶ್ ಉಂಡ. ಬಿಟ್ಟು ಏಳುವುದಕ್ಕೂ ನಾಚಿಕೆ, ನುಂಗುವುದಕ್ಕೂ ನಾಚಿಕೆ. ಉಂಡು ಮುಗಿಸಿ, ಕವರು ಹಿಡಿದು ಒಲೆಯ ಹತ್ತಿರ ಹೋದ. ದಾರಿಯುದ್ದಕ್ಕೂ ಉರು ಹೊಡೆದಿದ್ದ ಮಾತು ಒಂದೂ ನೆನಪಿಗೆ ಬರಲಿಲ್ಲ. ಇದು ನಿಮ್ಮದು, ಅವತ್ತೇ ನಿಮಗೆ ಸೇರಬೇಕಾಗಿತ್ತು ಎಂದಷ್ಟೇ ತೊದಲಿ ಸೀರೆ ಚಾಚಿದ. ಕಮಲಾಕ್ಷಮ್ಮ ಕವರನ್ನು ಮುಟ್ಟಲಿಲ್ಲ.

"ಪಾತ್ರೆ ತೊಳೆದಿದ್ದಕ್ಕೆ ಯಾರಾದ್ರೂ ರೇಷ್ಮೆ ಸೀರೆ ಕೊಡ್ತಾರಾ ಸಾರ್?" ಎಂದರು.

ವ್ಯಂಗ್ಯವಾಗಿ ಅಂದಿದ್ದರೆ ತಡೆದುಕೊಳ್ಳಬಹುದಿತ್ತು. ಅವರು ನಿಜವಾಗಿಯೂ ಕೇಳಿದ ಹಾಗೆ ಕೇಳಿದರು. ಹತ್ತು ಜನರ ಮುಂದೆ ಕಿತ್ತುಕೊಂಡದ್ದನ್ನು ಅಡುಗೆಮನೆಯ ಮೂಲೆಯಲ್ಲಿ ಯಾರಿಗೂ ಕಾಣದ ಹಾಗೆ ವಾಪಸು ಕೊಡಲು ಬಂದಿದ್ದೇನೆ ಎನ್ನುವುದು ಭೈರೇಶನಿಗೆ ಆಗ ಅರ್ಥವಾಯಿತು. ಅವನು ವಾಪಸು ಬಂದು ಟೇಬಲ್ಲಿನ ಮುಂದೆ ಕೂತು ಬೀಗರಿಗೆ ಫೋನು ಹಚ್ಚಿದ. ಬಾರಿನಲ್ಲಿದ್ದವರೆಲ್ಲ ಕೇಳುವಷ್ಟು ಗಟ್ಟಿಯಾಗಿ, ತಾನೀಗ ಬಾರಿನಲ್ಲಿ ಕೂತಿದ್ದೇನೆ, ಎರಡು ವರ್ಷದಿಂದ ಇಲ್ಲೇ ಉಣ್ಣುತ್ತಿದ್ದೇನೆ, ಅವತ್ತಿನ ಅಡುಗೆ ಮಾಡಿದವರು ಇಲ್ಲಿಯ ಕಮಲಾಕ್ಷಮ್ಮ, ತಾನು ಹೇಳಿದ್ದು ಸುಳ್ಳು ಎಂದು ಹೇಳಿದ. ಸುತ್ತಲಿನ ಪೆಡಲ್ಲುಗಳು ಒಂದೊಂದಾಗಿ ನಿಂತವು.

ಆ ಕಡೆಯಿಂದ ಮೋಹನ್ ಕುಮಾರ್ ಅವರ ದನಿ ಬಂತು.

"ಗೊತ್ತು ಬೀಗರೇ. ವರ್ಕ್‌ಶಾಪಿಂದ ವಾರಕ್ಕೆರಡು ಸಲ ನಾನೂ ಅಲ್ಲೇ ಉಣ್ಣೋದು. ಆ ತುಪ್ಪದ ಗುಳಿ ಪಕ್ಕದೋರ ತಟ್ಟೇಲಿ ನೋಡಿ ನೋಡಿ ಆಸೆ ಪಟ್ಟಿದ್ದೆ. ನಿಮ್ಮನೇಲಿ ಮೊದಲನೇ ಸಲ ನಂಗೂ ಸಿಕ್ತು. ಅದಕ್ಕೇ ನಮ್ಮನೆಯೋಳಿಗೆ ಹೇಳ್ದೆ, ಆ ತಾಯಿಗೆ ಎಲ್ಲರ ಮುಂದೆ ಮರ್ಯಾದೆ ಮಾಡು ಅಂತ." ಅವರೇ ಮುಂದುವರಿಸಿದರು. "ನೀವು ಹಂಗಂದಾಗ ನಂಗೂ ಬಾಯಿ ಬರ್ಲಿಲ್ಲ. ನಾಳೆ ಭಾನುವಾರ, ನಾವಿಬ್ರೂ ಅಲ್ಲಿಗೆ ಬರ್ತೀವಿ. ಸೀರೆ ನಿಮ್ಮ ಹತ್ರಾನೇ ಇರ್ಲಿ, ಆಗ ತನ್ನಿ."

ಭೈರೇಶ್ ಫೋನು ಇಟ್ಟ. ಯಾರಿಂದ ಮುಚ್ಚಿಡಲು ಆ ಹೆಂಗಸಿನ ಕೈಗೆ ಮಸಿ ಹಂಡೆ ಕೊಟ್ಟನೋ ಅವರಿಗೆ ಮೊದಲ ತುತ್ತಿಗೇ ಎಲ್ಲ ಗೊತ್ತಿತ್ತು. ಅವರ ಕಣ್ಣಲ್ಲಿ ಅವತ್ತು ಸಣ್ಣದಾದದ್ದು ಬಾರೂ ಅಲ್ಲ, ಕೆಂಚಪ್ಪನೂ ಅಲ್ಲ. ಕುಡಿದು ಬಿದ್ದ ಅಪ್ಪ ಯಾರ ಅನ್ನದ ಋಣವನ್ನೂ ಹೀಗೆ ಅಲ್ಲಗಳೆದಿರಲಿಲ್ಲ ಎಂದು ಮಗನಿಗೆ ಮೊದಲನೇ ಸಲ ಹೊಳೆಯಿತು.

ಅವನು ಎದ್ದ. ಕವರನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ತನ್ನ ತಟ್ಟೆ ತಾನೇ ಎತ್ತಿಕೊಂಡು ಹಿಂದಿನ ನಲ್ಲಿಯ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತ. ಕಿಟ್ಟಿ ಹೌಹಾರಿ, ಬಿಡಿ ಮೇಷ್ಟ್ರೇ ಎಂದು ಓಡಿಬಂದ. ಕಮಲಾಕ್ಷಮ್ಮ ಕೈಯೆತ್ತಿ ಅವನನ್ನು ತಡೆದರು. ಭೈರೇಶ್ ನಾರು ತೆಗೆದುಕೊಂಡು ತಟ್ಟೆ ಉಜ್ಜಿದ, ತೊಳೆದ, ನೀರು ಜಾಡಿಸಿ ಅವರ ಕೈಗೆ ಕೊಟ್ಟ. ಬಿಳಿ ಶರ್ಟಿನ ತೋಳು ಮೊಣಕೈವರೆಗೆ ಒದ್ದೆಯಾಗಿತ್ತು. ಕಮಲಾಕ್ಷಮ್ಮ ತಟ್ಟೆಯನ್ನು ಬೆಳಕಿಗೆ ಹಿಡಿದು, ಅಂಚಿನ ಮೇಲೆ ಹೆಬ್ಬೆಟ್ಟು ಆಡಿಸಿ ನೋಡಿದರು.

"ಜಿಡ್ಡು ಹೋಗಿಲ್ಲ ಸಾರ್," ಎಂದರು. "ಇನ್ನೊಂದ್ಸಲ ತೊಳೀರಿ."

ಭೈರೇಶ್ ತಟ್ಟೆ ಇಸಿದುಕೊಂಡು ಇನ್ನೊಂದು ಸಲ ತೊಳೆದ.